ಹಾಲು ಉತ್ಪಾದಕರಿಗೆ ಯೋಗಾಸನ ಏಕೆ ಬೇಕು?



ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಖನಿಜ ಮಿಶ್ರಣ, ಹಸಿರು ಮೇವು ಇವುಗಳ ಬಗ್ಗೆ ಈ ಪುಟಗಳಲ್ಲಿ ನೀವು ಹಲವು ಸಲ ಓದಿದ್ದೀರಿ. ಹಸು ಒಂದು ಹೊತ್ತು ಮೇವು ಬಿಟ್ಟರೆ ಪಶುವೈದ್ಯರಿಗೆ ಹೇಳಿ ಕಳುಹಿಸುತ್ತೀರಿ. ಆದರೆ ಅದೇ ಹಸುವಿನ ಪಕ್ಕದಲ್ಲಿ ದಿನಕ್ಕೆ ಎರಡು ಹೊತ್ತು ಕುಕ್ಕರುಗಾಲಿನಲ್ಲಿ ಕೂರುವ ನಿಮ್ಮ ಸೊಂಟ ನೋಯುತ್ತಿದ್ದರೆ ಒಂದಿಷ್ಟು ಎಣ್ಣೆ ಹಚ್ಚಿ ಸುಮ್ಮನಾಗುತ್ತೀರಿ. ಈ ಸಲ ಹಸುವಿನ ವಿಚಾರವನ್ನು ಸ್ವಲ್ಪ ಬದಿಗಿಟ್ಟು, ಹಸು ಸಾಕುವವರ ಮೈ ಮತ್ತು ಮನಸ್ಸಿನ ಬಗ್ಗೆ, ಅದಕ್ಕೆ ಯೋಗಾಸನಗಳು ಎಷ್ಟರಮಟ್ಟಿಗೆ ಸಹಾಯಕ ಎಂಬುದರ ಬಗ್ಗೆ ಬರೆಯುತ್ತಿದ್ದೇನೆ.

ವಿಶ್ವಸಂಸ್ಥೆಯು 2014ರ ಡಿಸೆಂಬರಿನಲ್ಲಿ ತೀರ್ಮಾನ ಮಾಡಿದ ಮೇಲೆ, 2015ರಿಂದ ಪ್ರತಿ ವರ್ಷ ಜೂನ್ 21ರಂದು ಯೋಗ ದಿನ ನಡೆಯುತ್ತಿದೆ. ಅಂತಹ ಒಂದು ಜೂನ್ ತಿಂಗಳಲ್ಲಿ ಹಳ್ಳಿಯೊಂದರ ಹಾಲು ಸಂಘದ ಮುಂದೆ ನಿಂತು ಆಸನಗಳ ಮಹತ್ವವನ್ನು ವಿವರಿಸುತ್ತಿದ್ದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ತಾಯಿಯೊಬ್ಬರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. "ಅಯ್ಯೋ ಸ್ವಾಮಿ, ದಿನಾ ಬಗ್ಗಿ ಬಗ್ಗಿ ನಮ್ಮ ಸೊಂಟವೇ ಬಿದ್ದೋಗದೆ. ನೀವು ಇನ್ನೂ ಬಗ್ಗಿ ಅಂತೀರಲ್ಲ!" ಎಂದರು. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಸಗಣಿ ಬಾಚುವವರಿಗೆ, ಹುಲ್ಲಿನ ಹೊರೆ ಹೊರುವವರಿಗೆ, ನಾಟಿ ಹಾಕುವವರಿಗೆ ವ್ಯಾಯಾಮ ಸಾಲದೆಂದು ಯಾರಾದರೂ ಹೇಳಿದರೆ ನಗು ಬರುವುದು ಸಹಜವೇ. ಹಾಗಾದರೆ ಆಸನ ಅವರಿಗೆ ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ಹುಟ್ಟಿ ಬೆಳೆದ ಜಾಗದಿಂದ ಆರಂಭಿಸಬೇಕಾಗುತ್ತದೆ.

ಪೇಟೆಯ ಬೆನ್ನು, ಹಳ್ಳಿಯ ಬೆನ್ನು

ನಾನು ಬೆಳೆದದ್ದು ಬೆಂಗಳೂರಿನ ಚಿಕ್ಕಪೇಟೆಯಲ್ಲಿ. ರೇಷ್ಮೆ ಸೀರೆಯ ಅಂಗಡಿಗಳು, ಚಿನ್ನ ಬೆಳ್ಳಿಯ ಅಂಗಡಿಗಳು, ಇಬ್ಬರು ಎದುರು ಬದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದ ಗಲ್ಲಿಗಳು. ನೀವು ಬೆಳಗಿನ ಜಾವ ಕರೆದ ಹಾಲು ಕಾಫಿಯಾಗಿ ಅಲ್ಲಿಯವರ ಲೋಟ ಸೇರುತ್ತದೆ. ಅಲ್ಲಿ ಎರಡು ಬಗೆಯ ಬೆನ್ನುಗಳನ್ನು ನೋಡುತ್ತಾ ಬೆಳೆದೆ. ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಬೆಳಗಿನಿಂದ ರಾತ್ರಿಯವರೆಗೆ ಕೂರುವ ಸಾಹುಕಾರರ ಬೆನ್ನು ಒಂದು. ಮೂಟೆ ಹೊತ್ತು, ಕೈಗಾಡಿ ತಳ್ಳಿ ಬಾಗಿದ ಹಮಾಲಿಗಳ ಬೆನ್ನು ಇನ್ನೊಂದು. ಒಬ್ಬರಿಗೆ ಕೆಲಸವೇ ಇಲ್ಲದ ಮೈ, ಇನ್ನೊಬ್ಬರಿಗೆ ಮಿತಿಮೀರಿದ ಕೆಲಸದ ಮೈ. ಐವತ್ತು ವರ್ಷ ದಾಟುವ ಹೊತ್ತಿಗೆ ಇಬ್ಬರೂ ಒಂದೇ ರೀತಿ ಸೊಂಟ ಹಿಡಿದುಕೊಂಡು ಏಳುತ್ತಿದ್ದರು. ಇದು ಹುಡುಗನಾಗಿದ್ದಾಗ ನನಗೆ ಅರ್ಥವಾಗಿರಲಿಲ್ಲ.

ಅದೇ ಪೇಟೆಗಳಲ್ಲಿ ಗರಡಿ ಮನೆಗಳೂ ಇದ್ದವು, ಈಗಲೂ ಕೆಲವು ಇವೆ. ಕರಗದ ವೀರಕುಮಾರರಿಗೂ ಗರಡಿಗೂ ಹಳೆಯ ನಂಟು. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಮಟ್ಟಿ ಹದ ಮಾಡುವುದು, ದಂಡೆ ಬಸ್ಕಿ ಹೊಡೆಯುವುದು ನಿಮ್ಮ ಊರುಗಳಲ್ಲೂ ಹಿರಿಯರು ಕಂಡದ್ದೇ. ಮೂಟೆ ಹೊರುವವರೇ ಸಂಜೆ ಗರಡಿಗೆ ಬಂದು ಸಾಮು ಮಾಡುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದರು. ಅಂದರೆ ಕೆಲಸವೇ ಬೇರೆ, ಸಾಮೇ ಬೇರೆ ಎಂಬ ತಿಳಿವಳಿಕೆ ಅವರಿಗಿತ್ತು. ಕೆಲಸದಲ್ಲಿ ಮೈ ಸವೆಯುತ್ತದೆ, ಸಾಮಿನಲ್ಲಿ ಮೈ ಹದವಾಗುತ್ತದೆ.

ಪೇಟೆಗೆ ಹತ್ತಿರದ ಜೆ.ಸಿ. ರಸ್ತೆಯಲ್ಲಿ ಕೆ.ವಿ. ಅಯ್ಯರ್ ಅವರ ವ್ಯಾಯಾಮಶಾಲೆ ಇತ್ತು. ಅವರ ಹೆಸರಿನ ಮೊದಲಕ್ಷರ ಕೋಲಾರದ್ದು, ಕೋಲಾರ ವೆಂಕಟೇಶ ಅಯ್ಯರ್. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಲೇಖಕರೆಂದು ಓದುಬಲ್ಲವರಿಗೆ ಪರಿಚಯ. ಆದರೆ ಅದಕ್ಕೂ ಮೊದಲು ಅವರು ದೇಶದಲ್ಲೇ ಹೆಸರಾದ ಅಂಗಸಾಧಕರು. ಅವರ ಜೊತೆಯಲ್ಲಿ ಬೆಂಗಳೂರಿನ ಎಸ್. ಸುಂದರಂ ಎಂಬ ವಕೀಲರು ಊರೂರಿಗೆ ಹೋಗಿ ಆಸನಗಳ ಪ್ರದರ್ಶನ ಕೊಡುತ್ತಿದ್ದರು. ಆಸನಗಳನ್ನು ಚಿತ್ರಗಳ ಸಹಿತ ಇಂಗ್ಲಿಷಿನಲ್ಲಿ ವಿವರಿಸಿದ ಮೊದಮೊದಲ ಪುಸ್ತಕಗಳಲ್ಲಿ ಒಂದನ್ನು ಬರೆದವರು ಈ ಸುಂದರಂ. ಅಯ್ಯರ್ ಸ್ನಾಯುಬಲ ತೋರಿಸುವರು, ಸುಂದರಂ ಆಸನ ಮಾಡುವರು. ಗಟ್ಟಿತನ ಒಂದು ಕಡೆ, ಮಣಿಯುವ ಗುಣ ಇನ್ನೊಂದು ಕಡೆ. ಮೈಗೆ ಎರಡೂ ಬೇಕು.

ಈಗ ಆ ತಾಯಿಯ ಮಾತಿಗೆ ಬರೋಣ. ನಿಮ್ಮ ದಿನದ ಕೆಲಸಗಳನ್ನು ಒಂದೊಂದಾಗಿ ನೆನೆಸಿಕೊಳ್ಳಿ. ಸಗಣಿ ಬಾಚಲು ಮುಂದಕ್ಕೆ ಬಗ್ಗುತ್ತೀರಿ. ಕೊಟ್ಟಿಗೆ ಗುಡಿಸಲು ಮುಂದಕ್ಕೆ ಬಗ್ಗುತ್ತೀರಿ. ಮೇವು ಕೊಯ್ಯಲು, ಬಕೆಟ್ ಎತ್ತಲು, ಹಾಲು ಕರೆಯಲು ಎಲ್ಲದಕ್ಕೂ ಮುಂದಕ್ಕೇ. ಹಿಂದಕ್ಕೆ ಬಾಗುವ ಒಂದು ಕೆಲಸವಾದರೂ ಹಾಲು ಉತ್ಪಾದಕರಿಗೆ ಇದೆಯೇ? ನನಗಂತೂ ಒಂದೂ ಹೊಳೆಯಲಿಲ್ಲ. ಬೆನ್ನಿನಲ್ಲಿ ಕತ್ತಿನಿಂದ ಸೊಂಟದವರೆಗೆ 24 ಬಿಡಿ ಮೂಳೆಗಳಿದ್ದು, ಅವುಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ವೈದ್ಯರು ಡಿಸ್ಕ್ ಎನ್ನುವುದು ಇದನ್ನೇ. ಮುಂದಕ್ಕೆ ಬಗ್ಗಿದಾಗ ಬಿಲ್ಲೆಯ ಮುಂಭಾಗ ಅದುಮಿಕೊಂಡು ಒಳಗಿನ ತಿರುಳು ಹಿಂದಕ್ಕೆ ಒತ್ತುತ್ತದೆ. ನರಗಳು ಹೊರಡುವುದು ಅದೇ ಹಿಂಭಾಗದಿಂದ. ಬಗ್ಗಿದ ಭಂಗಿಯಲ್ಲೇ ಭಾರ ಎತ್ತಿದರೆ ಒತ್ತಡ ಇನ್ನೂ ಹೆಚ್ಚು. 40 ಲೀಟರ್ ಕ್ಯಾನಿನಲ್ಲಿ ಹಾಲೇ ಸುಮಾರು 41 ಕೆ.ಜಿ. ತೂಗುತ್ತದೆ, ಕ್ಯಾನಿನ ತೂಕ ಬೇರೆ. (ಸಂಘದಲ್ಲಿ ಕ್ಯಾನು ಎತ್ತುವ ಹುಡುಗರು ಮಂಡಿ ಮಡಚಿ, ಕ್ಯಾನನ್ನು ಮೈಗೆ ಒತ್ತಿಕೊಂಡು, ಇಬ್ಬರಾಗಿ ಎತ್ತತಕ್ಕದ್ದು. ಇದನ್ನು ಕಾರ್ಯದರ್ಶಿಗಳು ಗಮನಿಸಬೇಕು.)

ಪೇಟೆಯ ಸಾಹುಕಾರರ ಕಥೆಯೂ ಹೆಚ್ಚು ಕಡಿಮೆ ಇದೇ. ಅವರು ಕುಳಿತಲ್ಲೇ ಲೆಕ್ಕದ ಪುಸ್ತಕದ ಮೇಲೆ ಮುಂದಕ್ಕೆ ಬಾಗಿರುತ್ತಾರೆ. ಆದ್ದರಿಂದಲೇ ಇಬ್ಬರದ್ದೂ ಒಂದೇ ನೋವು. ಮೈಗೆ ಕೆಲಸ ಸಾಲದು ಎಂಬುದು ನಿಮ್ಮ ತೊಂದರೆಯಲ್ಲ, ಕೆಲಸವೆಲ್ಲ ಒಂದೇ ದಿಕ್ಕಿನದು ಎಂಬುದು ತೊಂದರೆ. ಆಸನ ಮಾಡುವುದೆಂದರೆ ದಿನವಿಡೀ ಮಾಡಿದ್ದಕ್ಕೆ ವಿರುದ್ಧ ದಿಕ್ಕಿನಲ್ಲಿ, ನಿಧಾನವಾಗಿ, ಉಸಿರಿನ ಜೊತೆಗೆ ಮೈಯನ್ನು ಒಯ್ಯುವುದು. ಆ ತಾಯಿಗೆ ನಾನು ಹೇಳಿದ್ದೂ ಇಷ್ಟೇ: "ಅಮ್ಮಾ, ಬಗ್ಗೋದು ಬೇಡ. ಹಿಂದಕ್ಕೆ ಬಾಗಿ ನೋಡಿ."

ಬೆಳ್ಳೂರಿನ ಹುಡುಗ

ಆಸನ ಮಾಡುವುದಕ್ಕೆ ಮೊದಲೇ ಗಟ್ಟಿ ಮೈ ಇರಬೇಕೆಂದು ಹಲವರ ನಂಬಿಕೆ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರ ಡಿಸೆಂಬರ್ 14ರಂದು ಒಂದು ಮಗು ಹುಟ್ಟಿತು. ಊರೂರಿಗೆ ಇನ್‌ಫ್ಲುಯೆಂಜಾ ಹಬ್ಬಿದ್ದ ವರ್ಷ. ತಾಯಿಗೂ ಆ ಜ್ವರ ತಗುಲಿತ್ತು. ಸಣ್ಣ ಕೈಕಾಲಿನ, ಬಡಕಲು ಮಗು. ಐದನೆಯ ವಯಸ್ಸಿಗೆ ಮನೆಯವರು ಬೆಂಗಳೂರಿಗೆ ಬಂದರು, ಒಂಬತ್ತು ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. ಮಲೇರಿಯಾ, ವಿಷಮಶೀತ ಜ್ವರ, ಕ್ಷಯ ಒಂದರ ಮೇಲೊಂದು ಕಾಡಿದವು. 1934ರಲ್ಲಿ ಹುಡುಗ ಮೈಸೂರಿಗೆ, ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರ ಬಳಿಗೆ ಹೋದ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಆಚಾರ್ಯರು ಯೋಗಶಾಲೆ ನಡೆಸುತ್ತಿದ್ದ ಕಾಲ ಅದು. ಅವರು 'ಯೋಗ ಮಕರಂದ' ಎಂಬ ಪುಸ್ತಕವನ್ನು ಕನ್ನಡದಲ್ಲೇ ಬರೆದದ್ದೂ ಆ ವರ್ಷಗಳಲ್ಲಿ.

ಆ ಹುಡುಗನೇ ಬಿ.ಕೆ.ಎಸ್. ಅಯ್ಯಂಗಾರ್. ಹೆಸರಿನ 'ಬಿ' ಬೆಳ್ಳೂರಿನದು. 1937ರಲ್ಲಿ ಪುಣೆಗೆ ಹೋಗಿ ಅಲ್ಲೇ ನೆಲೆಸಿ, ದೇಶವಿದೇಶಗಳಿಗೆ ಆಸನ ಕಲಿಸಿ, 2014ರ ಆಗಸ್ಟ್ 20ರಂದು ತಮ್ಮ 95ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಕ್ರಮದಲ್ಲಿ ನನಗೆ ಹಿಡಿಸುವುದು ಒಂದೇ ವಿಷಯ. ಕೈ ನೆಲಕ್ಕೆ ಮುಟ್ಟದಿದ್ದರೆ ಒಂದು ಇಟ್ಟಿಗೆ ಇಡಿ, ಬೆನ್ನು ನಿಲ್ಲದಿದ್ದರೆ ಗೋಡೆಗೆ ಒರಗಿ, ಕುರ್ಚಿ ಹಿಡಿದುಕೊಳ್ಳಿ, ಹಗ್ಗ ಹಿಡಿದುಕೊಳ್ಳಿ ಎನ್ನುವ ಕ್ರಮ ಅದು. ಕಾಯಿಲೆಯ ಮೈಯವರಿಗೂ ವಯಸ್ಸಾದವರಿಗೂ ಆಸನ ಸಾಧ್ಯವಾದದ್ದು ಇದರಿಂದ. ಕೊಟ್ಟಿಗೆಯಲ್ಲಿ ಹಗ್ಗಕ್ಕೂ ಇಟ್ಟಿಗೆಗೂ ಬರವಿಲ್ಲ.

ನಮ್ಮವರಿಗೆ ನೇರವಾಗಿ ಅನ್ವಯಿಸುವ ಒಂದು ಪರೀಕ್ಷೆಯನ್ನು ಇಲ್ಲಿ ಹೇಳಬೇಕು. ಕೈಯಲ್ಲಿ ಹಾಲು ಕರೆಯುವವರಿಗೆ ರಾತ್ರಿ ಹೊತ್ತು ಬೆರಳು ಜೋಮು ಹಿಡಿಯುವುದು, ಹೆಬ್ಬೆರಳಿನಲ್ಲಿ ಬಲ ಕುಂದುವುದು, ಲೋಟ ಕೈಜಾರುವುದು ಇವೆಲ್ಲ ಉಂಟು. ಮಣಿಕಟ್ಟಿನ ಇಕ್ಕಟ್ಟಾದ ಜಾಗದಲ್ಲಿ ನರ ಅದುಮಿಕೊಳ್ಳುವುದು ಇದಕ್ಕೆ ಒಂದು ಮುಖ್ಯ ಕಾರಣ. ಕಾರ್ಪಲ್ ಟನಲ್ ಎಂದು ವೈದ್ಯರು ಇದನ್ನು ಕರೆಯುತ್ತಾರೆ. 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ತೊಂದರೆಯಿದ್ದ 42 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅಯ್ಯಂಗಾರರ ಕ್ರಮದ 11 ಆಸನಗಳನ್ನು ವಾರಕ್ಕೆ ಎರಡು ಸಲದಂತೆ 8 ವಾರ ಕಲಿಸಿದರು. ಇನ್ನೊಂದು ಗುಂಪಿಗೆ ಮಣಿಕಟ್ಟಿಗೆ ಪಟ್ಟಿ ಕೊಡಲಾಗಿತ್ತು. ಆಸನ ಮಾಡಿದವರ ಕೈಹಿಡಿತದ ಬಲ ಹೆಚ್ಚಿತು, ನೋವು ತಗ್ಗಿತು. ಸಣ್ಣ ಅಧ್ಯಯನ, ನಿಜ. ಆದರೆ ಬೆಳ್ಳೂರಿನವರ ವಿದ್ಯೆ ಸಮುದ್ರ ದಾಟಿ ಹೋಗಿ ಬೆರಳಿನ ಜೋಮಿಗೆ ಉಪಯೋಗವಾದದ್ದು ಹಾಲು ಕರೆಯುವ ನಮ್ಮವರಿಗೆ ತಿಳಿದಿರಲಿ. ಇದರ ಜೊತೆಗೆ ಹೆಬ್ಬೆರಳು ಮಡಚಿ ಕರೆಯುವ ಅಭ್ಯಾಸವನ್ನೂ ಬಿಡಬೇಕು. ಪೂರ್ತಿ ಮುಷ್ಟಿಯಲ್ಲಿ ಕರೆದರೆ ಮೊಲೆತೊಟ್ಟಿಗೂ ಕ್ಷೇಮ, ನಿಮ್ಮ ಹೆಬ್ಬೆರಳಿಗೂ ಕ್ಷೇಮ.

ಬೆಂಗಳೂರಿನಲ್ಲಿ ನಡೆದ ಪರೀಕ್ಷೆಗಳು

ಚಿಕ್ಕಪೇಟೆಯಿಂದ ಚಾಮರಾಜಪೇಟೆ ದಾಟಿ ಗವಿಪುರದ ಕಡೆಗೆ ನಡೆದೇ ಹೋಗಬಹುದು. ಗವಿಪುರ ವೃತ್ತದ ಬಳಿಯ ಏಕನಾಥ ಭವನದಲ್ಲಿ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ನಗರದ ಕೇಂದ್ರವಿದೆ. ಜಿಗಣಿಯ ಬಳಿ ಪ್ರಶಾಂತಿ ಕುಟೀರವೆಂಬ ದೊಡ್ಡ ಆವರಣವಿದೆ. ಆಸನದಿಂದ ಹಾಗಾಗುತ್ತದೆ ಹೀಗಾಗುತ್ತದೆ ಎಂದು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಅಳೆದು ನೋಡಬೇಕು ಎಂದು ಹೊರಟವರಲ್ಲಿ ಈ ಬಳಗ ಮುಖ್ಯವಾದುದು. ಸಂಘದಲ್ಲಿ ಹಾಲನ್ನು ಕಣ್ಣಂದಾಜಿನಲ್ಲಿ ತೆಗೆದುಕೊಳ್ಳದೆ ಫ್ಯಾಟ್ ನೋಡಿ ತೆಗೆದುಕೊಳ್ಳುವುದಿಲ್ಲವೇ, ಹಾಗೆ.

1985ರಲ್ಲಿ ಡಾ. ಆರ್. ನಾಗರತ್ನ ಮತ್ತು ಡಾ. ಎಚ್.ಆರ್. ನಾಗೇಂದ್ರ ಅವರು ಉಬ್ಬಸದ ಬಗ್ಗೆ ಬರೆದ ಲೇಖನ ಬ್ರಿಟನ್ನಿನ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. 53 ಮಂದಿ ಉಬ್ಬಸದವರಿಗೆ ಎರಡು ವಾರ ಆಸನ, ಪ್ರಾಣಾಯಾಮ, ಧ್ಯಾನ ಕಲಿಸಿ, ದಿನಕ್ಕೆ 65 ನಿಮಿಷ ಮಾಡಲು ಹೇಳಿದರು. ವಯಸ್ಸು, ಕಾಯಿಲೆಯ ತೀವ್ರತೆ ಎಲ್ಲ ಹೊಂದುವ ಇನ್ನು 53 ಮಂದಿ ತಮ್ಮ ಎಂದಿನ ಔಷಧವನ್ನಷ್ಟೇ ಮುಂದುವರಿಸಿದರು. ಯೋಗ ಮಾಡಿದವರಲ್ಲಿ ವಾರಕ್ಕೆ ಬರುವ ಉಬ್ಬಸದ ಸಲ ಕಡಿಮೆಯಾಯಿತು, ಔಷಧದ ಪ್ರಮಾಣ ಇಳಿಯಿತು, ಉಸಿರು ಹೊರಹಾಕುವ ವೇಗ ಹೆಚ್ಚಿತು. ಮುಗ್ಗಿದ ಹುಲ್ಲಿನ ಧೂಳು ಕುಡಿದು ಎದೆ ಬಿಗಿಯುವ ಉತ್ಪಾದಕರು ನಮ್ಮಲ್ಲಿ ಹಲವರಿದ್ದಾರೆ. ಅವರಿಗೆ ಮೊದಲ ಮಾತು, ಹುಲ್ಲಿಗೆ ನೀರು ಚಿಮುಕಿಸಿ ಬಿಡಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಧೂಳು ಕುಡಿಯುತ್ತಲೇ ಪ್ರಾಣಾಯಾಮ ಮಾಡಿದರೆ ಏನು ಬಂತು?

ಸೊಂಟದ ಅಧ್ಯಯನ ಬಂದದ್ದು 2008ರಲ್ಲಿ. ಬಹುಕಾಲದ ಸೊಂಟ ನೋವಿನ 80 ಜನರನ್ನು ಒಂದು ವಾರ ಆವರಣದಲ್ಲೇ ಉಳಿಸಿಕೊಂಡು, ಅರ್ಧ ಜನರಿಗೆ ಯೋಗ, ಇನ್ನರ್ಧ ಜನರಿಗೆ ಬೇರೆ ವ್ಯಾಯಾಮ ಕೊಟ್ಟರು. ಒಂದು ವಾರ ಮನೆಕೆಲಸ ತಪ್ಪಿದರೆ ಯಾರ ಸೊಂಟವಾದರೂ ಹಗುರವಾಗುತ್ತದೆ ಎಂದು ನೀವು ಹೇಳಬಹುದು. ಆ ಬಿಡುವು ಎರಡೂ ಗುಂಪಿಗೆ ಸಿಕ್ಕಿತ್ತು. ಆದರೂ ಓಡಾಡುವ, ಕೂರುವ, ಏಳುವ ಶಕ್ತಿ ಮತ್ತು ಬೆನ್ನಿನ ಬಾಗುವಿಕೆ ಯೋಗ ಮಾಡಿದವರಲ್ಲಿ ಹೆಚ್ಚು ಸುಧಾರಿಸಿತ್ತು. ಒಂದೇ ವಾರದ ಲೆಕ್ಕ ಇದು, ವರ್ಷದ ಲೆಕ್ಕವಲ್ಲ. ಆಮೇಲೆ ಹೊರದೇಶಗಳಲ್ಲಿ ನಡೆದ ಹಲವು ಅಧ್ಯಯನಗಳನ್ನು 2017ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಏನೂ ಮಾಡದವರಿಗಿಂತ ಯೋಗ ಮಾಡಿದವರ ಸೊಂಟದ ಸ್ಥಿತಿ ಮೂರು ತಿಂಗಳು, ಆರು ತಿಂಗಳ ಕೊನೆಗೆ ಸ್ವಲ್ಪ ಉತ್ತಮವಾಗಿತ್ತು. ಬೇರೆ ಒಳ್ಳೆಯ ವ್ಯಾಯಾಮಕ್ಕೆ ಹೋಲಿಸಿದರೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ಆಸನವೆಂದರೆ ಪವಾಡವಲ್ಲ. ಆದರೆ ಒಂದು ಗೋಣಿಚೀಲ ಹಾಸುವಷ್ಟು ಜಾಗದಲ್ಲಿ, ಕಾಸು ಖರ್ಚಿಲ್ಲದೆ, ಸೀರೆ ಉಟ್ಟವರೂ ಪಂಚೆ ಉಟ್ಟವರೂ ಮಾಡಬಹುದಾದ ಇಂತಹ ಇನ್ನೊಂದು ವ್ಯಾಯಾಮ ನನಗೆ ತಿಳಿದಿಲ್ಲ.

ಹಸು ಸೊರೆ ಬಿಡುವುದೂ ಮನಸ್ಸೂ

ಮಾನಸಿಕ ಲಾಭದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ದೊಡ್ಡ ದೊಡ್ಡ ಮಾತುಗಳನ್ನು ಬಳಸುತ್ತಾರೆ. ನಿಮಗೆ ಅದು ಬೇಕಿಲ್ಲ. ಈ ವಿಷಯ ನಿಮಗೆ ಕೊಟ್ಟಿಗೆಯಲ್ಲೇ ಗೊತ್ತು.

ಕರು ಬಿಟ್ಟು, ಕೆಚ್ಚಲು ತೊಳೆದು, ಮೆಲ್ಲಗೆ ನೀವಿದರೆ ಹಸು ಸೊರೆ ಬಿಡುತ್ತದೆ. ಅದೇ ಹೊತ್ತಿಗೆ ನಾಯಿ ಬೊಗಳಿದರೆ, ಹೊಸಬರು ಬಂದು ನಿಂತರೆ, ಯಾರಾದರೂ ಕೋಲಿನಿಂದ ಹೊಡೆದರೆ ಹಾಲು ಬಿಗಿ ಹಿಡಿಯುತ್ತದೆ. ಕೆಚ್ಚಲಿನಲ್ಲಿ ಹಾಲು ಇಲ್ಲದೆ ಅಲ್ಲ. ನೀವುವಾಗ ಹಸುವಿನ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಇಳಿದು ಹಾಲನ್ನು ಕೆಳಕ್ಕೆ ತಳ್ಳುತ್ತದೆ. ಗಾಬರಿಯಾದಾಗ ಅಡ್ರಿನಲಿನ್ ಎಂಬ ಇನ್ನೊಂದು ರಸ ಬಂದು ಆ ಕೆಲಸಕ್ಕೆ ಅಡ್ಡ ಬರುತ್ತದೆ. (ಹಾಲು ಇಳಿಸಲು ಆಕ್ಸಿಟೋಸಿನ್ ಚುಚ್ಚುಮದ್ದು ಹಾಕುವುದು ಕಾನೂನಿಗೆ ವಿರುದ್ಧ ಎಂಬುದನ್ನು ಮತ್ತೊಮ್ಮೆ ನೆನಪಿಸುತ್ತೇನೆ.)

ಅದೇ ಅಡ್ರಿನಲಿನ್ ನಿಮ್ಮ ಮೈಯಲ್ಲೂ ಇದೆ. ಹಾವು ಕಂಡಾಗ ಅದು ಒಳ್ಳೆಯದೇ, ಓಡಲು ಕಾಲಿಗೆ ಬಲ ಕೊಡುತ್ತದೆ. ಆದರೆ ಸಾಲದ ಕಂತಿನ ಚಿಂತೆ, ಹಸು ಗಬ್ಬ ನಿಲ್ಲಲಿಲ್ಲವೆಂಬ ಚಿಂತೆ, ಮಳೆಯಿಲ್ಲದೆ ಮೇವಿನ ಚಿಂತೆ, ಮಗಳ ಮದುವೆಯ ಚಿಂತೆ ಇವುಗಳಿಂದ ಓಡಿಹೋಗಲು ಆಗುವುದಿಲ್ಲ. ಮೈ ಮಾತ್ರ ಓಟಕ್ಕೆ ಸಿದ್ಧವಾಗಿ ಹಗಲು ರಾತ್ರಿ ನಿಂತೇ ಇರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕತ್ತು ಭುಜ ಗಟ್ಟಿಯಾಗುತ್ತವೆ, ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ. ಮನೆಯವರ ಮೇಲೆ, ಕೊನೆಗೆ ಆ ಮೂಕ ಪ್ರಾಣಿಯ ಮೇಲೂ ಸಿಟ್ಟು ಬರುತ್ತದೆ. ಹಸುವಿಗೆ "ಗಾಬರಿ ಬೇಡ ಬಾ" ಎಂದು ಬುದ್ಧಿ ಹೇಳಿದರೆ ಅದು ಸೊರೆ ಬಿಡುವುದಿಲ್ಲ, ಮೈ ನೀವಬೇಕು. ನಮಗೂ ಅಷ್ಟೇ. "ಚಿಂತೆ ಮಾಡಬೇಡಿ" ಎಂಬ ಮಾತಿಗೆ ಮನಸ್ಸು ಜಗ್ಗುವುದಿಲ್ಲ. ಮೈಯ ಮೂಲಕ ಹೋದರೆ ಒಮ್ಮೊಮ್ಮೆ ಜಗ್ಗುತ್ತದೆ.

ಈಗಲೇ ಪರೀಕ್ಷಿಸಿ ನೋಡಿ. ಮಣಿಕಟ್ಟಿನಲ್ಲಿ ನಾಡಿ ಹಿಡಿದು ನಿಧಾನವಾಗಿ ಉಸಿರು ಎಳೆದುಕೊಳ್ಳಿ, ಅದಕ್ಕಿಂತ ನಿಧಾನವಾಗಿ ಬಿಡಿ. ಉಸಿರು ಬಿಡುವಾಗ ನಾಡಿ ತುಸು ನಿಧಾನವಾಗುವುದು ಬಹಳ ಜನಕ್ಕೆ, ಅದರಲ್ಲೂ ಕಿರಿಯರಿಗೆ, ಬೆರಳಿಗೇ ತಿಳಿಯುತ್ತದೆ. ಆಸನದಲ್ಲಿ ಇದೇ ಉದ್ದನೆಯ ಉಸಿರಿನ ಜೊತೆ ಕತ್ತು, ಭುಜ, ಬೆನ್ನಿನ ಬಿಗಿ ಸಡಿಲಿಸುತ್ತೇವೆ. ಪತಂಜಲಿ ಮುನಿಗಳು ಕೂಡ ಆಸನವೆಂದರೆ ಅಲುಗಾಡದೆಯೂ ಸುಖವಾಗಿಯೂ ಇರತಕ್ಕದ್ದು ಎಂದೇ ಹೇಳಿದ್ದಾರೆ. ಕಾಲು ಎಳೆದಾಡಿ ನರಳುವುದು ಆಸನವಲ್ಲ.

ಚಿಂತೆ ಕಾಯಿಲೆಯಾಗಿ ಬೆಳೆದಿದ್ದರೆ ಆಸನ ಒಂದೇ ಸಾಲದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಯೋಗದ ವಿಭಾಗವಿದೆ. ಅಲ್ಲಿ ಔಷಧ ಬೇಕಾದವರಿಗೆ ಔಷಧದ ಜೊತೆಯಲ್ಲೇ ಯೋಗ ಕಲಿಸುತ್ತಾರೆ. ಊಟ ಸೇರದೆ, ನಿದ್ದೆ ಬಾರದೆ, ಬದುಕೇ ಬೇಡವೆನಿಸಿದರೆ ನಾಚಿಕೊಳ್ಳಬೇಡಿ. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ದೂರವಾಣಿ ಮಾಡಿದರೆ ಹಣವಿಲ್ಲದೆ ಮಾತನಾಡಬಹುದು. 2022ರ ಅಕ್ಟೋಬರಿನಿಂದ ಈ ಸೇವೆ ಇದೆ, ಕನ್ನಡದಲ್ಲೂ ಇದೆ.

ಏನು ಮಾಡಬೇಕು

ಹೊಟ್ಟೆ ಖಾಲಿಯಿರಬೇಕು. ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಿ ಬಂದು ತಿಂಡಿಗೆ ಕೂರುವ ಮೊದಲಿನ ಹದಿನೈದು ನಿಮಿಷ ನಮ್ಮವರಿಗೆ ಒಗ್ಗುವ ಹೊತ್ತು. ಮೈ ಆಗಲೇ ಬೆಚ್ಚಗಾಗಿರುತ್ತದೆ.

ಮೊದಲು ತಾಡಾಸನ. ನೆಟ್ಟಗೆ ನಿಂತು ಬೆರಳು ಹೆಣೆದು, ಅಂಗೈ ಆಕಾಶಕ್ಕೆ ಮಾಡಿ, ಉಸಿರು ಎಳೆಯುತ್ತಾ ಮೇಲಕ್ಕೆ ಚಾಚಿ. ಅಟ್ಟದ ಮೇಲಿನ ವಸ್ತು ಕೈಗೆಟುಕದಿದ್ದಾಗ ನಿಲ್ಲುತ್ತೀರಲ್ಲ, ಹಾಗೆ. ಬಳಿಕ ಒಂದು ಕೈ ಮೇಲೆತ್ತಿ ಎದುರು ಪಕ್ಕಕ್ಕೆ ವಾಲಿ, ಮತ್ತೆ ಇನ್ನೊಂದು ಪಕ್ಕಕ್ಕೆ. ಬಕೆಟ್ಟನ್ನು ಯಾವಾಗಲೂ ಒಂದೇ ಕೈಯಲ್ಲಿ ಹಿಡಿಯುವವರಿಗೆ ಒಂದು ಪಕ್ಕ ಎಷ್ಟು ಗಟ್ಟಿಯಾಗಿದೆ ಎಂದು ಆಗ ಗೊತ್ತಾಗುತ್ತದೆ. ಆಮೇಲೆ ಎರಡೂ ಅಂಗೈಗಳನ್ನು ಸೊಂಟದ ಹಿಂದೆ ಆಸರೆಯಾಗಿಟ್ಟು ಎದೆಯನ್ನು ಮೇಲೆತ್ತಿ ತುಸು ಹಿಂದಕ್ಕೆ ಬಾಗಿ. ತಲೆಸುತ್ತು ಇರುವವರು ತಲೆಯನ್ನು ಹಿಂದಕ್ಕೆ ಚೆಲ್ಲಬಾರದು.

ನೆಲದ ಮೇಲೆ ಮಾಡುವುದರಲ್ಲಿ ಭುಜಂಗಾಸನವೇ ನಮಗೆ ಮುಖ್ಯ. ಬೋರಲು ಮಲಗಿ, ಅಂಗೈಗಳನ್ನು ಎದೆಯ ಪಕ್ಕದಲ್ಲಿ ಊರಿ, ಮೊಣಕೈ ಮೈಗೆ ಹತ್ತಿಸಿಕೊಂಡು, ಉಸಿರು ಎಳೆಯುತ್ತಾ ತಲೆ ಮತ್ತು ಎದೆಯನ್ನು ಎತ್ತಿ. ಹೊಕ್ಕುಳು ನೆಲ ಬಿಡಬಾರದು. ಕೈಬಲದಿಂದ ಎತ್ತುವುದಲ್ಲ, ಬೆನ್ನಿನ ಬಲದಿಂದ ಎತ್ತುವುದು. ಮೂರು ನಾಲ್ಕು ಉಸಿರು ನಿಂತು ಇಳಿಯಿರಿ, ಮೂರು ಸಲ ಸಾಕು. ಆ ಬಳಿಕ ಅಂಗಾತ ಮಲಗಿ, ಮಂಡಿ ಮಡಚಿ, ಪಾದ ಊರಿ ಸೊಂಟವನ್ನು ಮೇಲೆತ್ತುವ ಸೇತುಬಂಧಾಸನ. ದಿನವಿಡೀ ಕುಕ್ಕರುಗಾಲಿನಲ್ಲಿ ಮಡಚಿಕೊಂಡಿದ್ದ ತೊಡೆಸಂದು ಇದರಲ್ಲಿ ಬಿಚ್ಚಿಕೊಳ್ಳುತ್ತದೆ.

ಗೋಮುಖಾಸನದ ಹೆಸರು ಕೇಳಿದರೆ ನಿಮಗೆ ಸಂತೋಷವಾದೀತು. 'ಹಠಯೋಗ ಪ್ರದೀಪಿಕೆ'ಯಲ್ಲಿ ವಿವರಿಸಿರುವ 15 ಆಸನಗಳಲ್ಲಿ ಅದೂ ಒಂದು. ಮಂಡಿ ಹೆಣೆದು ಕೂರುವುದು ಕಷ್ಟವಾದರೆ ಕೈಯ ಭಾಗವನ್ನಷ್ಟೇ ಮಾಡಿ. ಒಂದು ಕೈ ಭುಜದ ಮೇಲಿನಿಂದ, ಇನ್ನೊಂದು ಕೈ ಬೆನ್ನ ಕೆಳಗಿನಿಂದ ತಂದು ಬೆರಳು ಸೇರಿಸುವುದು. ಸೇರದಿದ್ದರೆ ನಡುವೆ ಒಂದು ಹಗ್ಗ ಹಿಡಿಯಿರಿ, ಅಯ್ಯಂಗಾರರ ಕ್ರಮದಲ್ಲಿ. ಹಾಲು ಕರೆಯುವವರು ಇದಕ್ಕೆ ಕೈಮುಗಿಯುವ ಭಂಗಿಯನ್ನೂ ಸೇರಿಸಿಕೊಳ್ಳಬೇಕು. ಎದೆಯ ಮುಂದೆ ಅಂಗೈ ಜೋಡಿಸಿ, ಜೋಡಿ ಬಿಡದೆ ಕೈಗಳನ್ನು ನಿಧಾನವಾಗಿ ಕೆಳಕ್ಕೆ ಇಳಿಸಿದರೆ ಮಣಿಕಟ್ಟು ಹಿಗ್ಗುತ್ತದೆ.

ಕೊನೆಗೆ ಐದು ನಿಮಿಷ ಶವಾಸನ. ಅಂಗಾತ ಮಲಗಿ ಕೈಕಾಲು ಸಡಿಲ ಬಿಟ್ಟು ಉಸಿರನ್ನು ಗಮನಿಸುವುದು. ನಮ್ಮ ಹೆಣ್ಣುಮಕ್ಕಳಿಗೆ ಇದೇ ಬಹಳ ಕಷ್ಟದ ಆಸನ. ಹಗಲು ಹೊತ್ತಿನಲ್ಲಿ ಮಲಗಿದರೆ ಯಾರೇನು ಅಂದಾರು ಎಂಬ ಅಂಜಿಕೆ. ಮನೆಯ ಗಂಡಸರು ಆ ಐದು ನಿಮಿಷ ಒಲೆಯ ಕಡೆ ನೋಡಿಕೊಂಡರೆ ಹಾಲಿನ ಲೀಟರ್ ಏನೂ ಕಡಿಮೆಯಾಗುವುದಿಲ್ಲ.

ಏನು ಮಾಡಬಾರದು

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಉತ್ಪಾದಕರೊಬ್ಬರು ಸೊಂಟ ನೋವು, ಕೀಲು ನೋವು ಎಂದು ನನ್ನ ಬಳಿ ಹೇಳಿಕೊಂಡರು. ನಾನು ಉತ್ಸಾಹದಿಂದ ಆಸನಗಳನ್ನು ತೋರಿಸಿಕೊಟ್ಟೆ. ಅವರು ಎರಡು ತಿಂಗಳು ಶ್ರದ್ಧೆಯಿಂದ ಮಾಡಿದರು, ನೋವು ಹೋಗಲಿಲ್ಲ. ಸಂಜೆಯಾದರೆ ಜ್ವರ, ರಾತ್ರಿ ಬೆವರು ಬರುತ್ತಿದೆ ಎಂಬುದನ್ನು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅವರ ಹಸು ಏಳು ತಿಂಗಳಿಗೆ ಕಂದು ಹಾಕಿತ್ತು ಎಂಬುದನ್ನೂ ಕೇಳಲಿಲ್ಲ. ರಕ್ತ ಪರೀಕ್ಷೆಯಲ್ಲಿ ಬಂದದ್ದು ಬ್ರುಸೆಲ್ಲೋಸಿಸ್, ಅಂದರೆ ಹಸುವಿನ ಕಂದು ರೋಗವೇ ಮನುಷ್ಯನಿಗೆ ತಗುಲಿತ್ತು. ಆರು ವಾರ ಮಾತ್ರೆ ನುಂಗಿದ ಮೇಲೆ ಚೇತರಿಸಿಕೊಂಡರು. ಹೈನುಗಾರಿಕೆಯಲ್ಲಿ ಇಷ್ಟು ವರ್ಷ ಇದ್ದ ನನಗೇ ಅದು ಹೊಳೆಯದೆ ಹೋಯಿತಲ್ಲ ಎಂದು ಇಂದಿಗೂ ಬೇಸರವಿದೆ.

ಆದುದರಿಂದ ಸೊಂಟ ನೋವಿನ ಜೊತೆಗೆ ಬಿಟ್ಟು ಬಿಟ್ಟು ಜ್ವರ, ಬೆವರು, ಗಂಡಸರಿಗೆ ವೃಷಣದ ಊತ ಇದ್ದರೆ ಆಸನಕ್ಕೆ ಕೂರಬೇಡಿ, ವೈದ್ಯರ ಬಳಿಗೆ ಹೋಗಿ, ಮನೆಯಲ್ಲಿ ಹಸು ಇದೆ, ಕಂದು ಹಾಕಿದೆ ಎಂಬುದನ್ನು ನೀವೇ ಬಾಯಿಬಿಟ್ಟು ಹೇಳಿ. ಕಂದು ಹಾಕಿದ ಕರುವನ್ನೂ ಮಾಸನ್ನೂ ಬರಿಗೈಯಲ್ಲಿ ಮುಟ್ಟಬಾರದು. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಈ ರೋಗದ ಲಸಿಕೆ ಹಾಕಿಸಬೇಕು.

ಸೊಂಟದಿಂದ ಕಾಲಿನವರೆಗೆ ಚಳುಕು ಹೊಡೆಯುತ್ತಿದ್ದರೆ, ಪಾದದಲ್ಲಿ ಬಲವಿಲ್ಲದಿದ್ದರೆ ಮೊದಲು ವೈದ್ಯರು, ಆಮೇಲೆ ಆಸನ. ಅಂತಹವರು ಮುಂದಕ್ಕೆ ಬಗ್ಗುವ ಆಸನಗಳನ್ನು ಮಾಡಲೇಬಾರದು. ರಕ್ತದೊತ್ತಡ ಇರುವವರು ಉಸಿರು ಬಿಗಿ ಹಿಡಿಯುವುದು, ತಲೆಕೆಳಗಾಗಿ ನಿಲ್ಲುವುದು ಬೇಡ. ಮಂಡಿ ಸವೆದವರು ವಜ್ರಾಸನದಲ್ಲಿ ಹಠ ಹಿಡಿದು ಕೂರುವುದು ಬೇಡ. ಗರ್ಭಿಣಿಯರು ಬೋರಲು ಮಲಗುವ ಆಸನಗಳನ್ನು ಬಿಟ್ಟು, ತಿಳಿದವರ ಮುಂದೆ ಮಾತ್ರ ಮಾಡಬೇಕು. ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆಗಳನ್ನು ಆಸನ ಆರಂಭಿಸಿದೆವೆಂದು ನಿಲ್ಲಿಸುವವರಿದ್ದಾರೆ, ಇದು ಅಪಾಯ. ಯೋಗದಿಂದ ಎಲ್ಲ ಕಾಯಿಲೆಯೂ ವಾಸಿ ಎಂದು ಹೇಳಿ ದುಡ್ಡು ಕೇಳುವವರನ್ನು, ನೀರು ಬೆರೆಸಿದ ಹಾಲನ್ನು ನೋಡುವಂತೆಯೇ ನೋಡಿ.

ಆಸನವನ್ನು ಪುಸ್ತಕ ನೋಡಿ, ಮೊಬೈಲ್ ನೋಡಿ ಕಲಿಯುವುದಕ್ಕಿಂತ ಕಲಿತವರ ಎದುರಿನಲ್ಲಿ ಹತ್ತು ದಿನ ಕಲಿಯುವುದು ಮೇಲು. ನಿಮ್ಮ ಊರಿನ ಶಾಲೆಯ ದೈಹಿಕ ಶಿಕ್ಷಕರನ್ನು ಕೇಳಿ. ಸಂಘದ ಕಟ್ಟಡ ಬೆಳಗಿನ ಹಾಲು ಶೇಖರಣೆ ಮುಗಿದ ಮೇಲೆ ಖಾಲಿಯಿರುತ್ತದೆ, ನೆಲ ತೊಳೆದು ಒಣಗಿರುತ್ತದೆ. ಆಡಳಿತ ಮಂಡಳಿಯವರು ಒಪ್ಪಿದರೆ ಅಲ್ಲೇ ಹತ್ತು ದಿನದ ತರಗತಿ ನಡೆಸಬಹುದು. ಮೊದಲ ತಂಡ ಮಹಿಳೆಯರದ್ದಾಗಲಿ, ಕೊಟ್ಟಿಗೆಯಲ್ಲಿ ಹೆಚ್ಚು ಹೊತ್ತು ಬಗ್ಗುವವರು ಅವರೇ. ಮನೆಯಿಂದ ಒಂದೊಂದು ಗೋಣಿಚೀಲ, ಅದರ ಮೇಲೆ ಹಾಸಲು ಒಂದು ಹಳೆಯ ಕಂಬಳಿ, ಒಂದು ಗಜ ಹಗ್ಗ ತಂದರೆ ಸಾಕು.